ಕಾಲು ಬಡಿದರೂ ಮುಂದೆ ಹೋಗುತ್ತಿಲ್ಲವೇ? ಹೊಸದಾಗಿ ಈಜು ಕಲಿಯುವವರಿಗೆ ಕಿಕ್ ಪಾಠ

ನಮ್ಮ ಉತ್ತರ ಕನ್ನಡದಲ್ಲಿ ನೀರಿಗೇನೂ ಕಮ್ಮಿ ಇಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಇಲ್ಲೇ ಕಡಲು ಸೇರುತ್ತವೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟದ ಪಕ್ಕದಲ್ಲೇ ಕೆರೆ ಇರುವ ಮನೆಗಳು ಎಷ್ಟೋ ಇವೆ. ಹಾಗಿದ್ದೂ ಚಿಕ್ಕವರಿದ್ದಾಗ ಈಜು ಕಲಿಯದೆ ಉಳಿದವರು ಬಹಳ ಮಂದಿ. ಓದು, ಕೆಲಸ, ಮದುವೆ ಎಲ್ಲ ಮುಗಿಸಿ ಈಗ ಕಲಿಯೋಣ ಅಂತ ನೀರಿಗೆ ಇಳಿದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ತೇಲೋಕೆ ಬರುತ್ತೆ, ಕೈಯೂ ಬೀಸ್ತೀನಿ, ಆದರೆ ಕಾಲು ಎಷ್ಟು ಬಡಿದರೂ ಇದ್ದಲ್ಲೇ ಇರ್ತೀನಲ್ಲ, ಯಾಕೆ?"

ಬಡಿಯುವುದು ಜಾಸ್ತಿ ಆಗಿದೆ, ಅದಕ್ಕೇ. ಜೋರು ಕಡಿಮೆ ಮಾಡಿ, ಕಾಲು ಸಡಿಲ ಬಿಡಿ, ಅಗಲ ಚಿಕ್ಕದು ಮಾಡಿ. ಕೆಳಗೆ ಬರೆದಿರುವುದೆಲ್ಲ ಈ ಮೂರನ್ನು ಮೈಗೆ ಹೇಗೆ ಕಲಿಸಬೇಕು ಅನ್ನುವುದರ ಬಗ್ಗೆ. ಹೇಳುತ್ತಿರುವುದು ಫ್ರೀಸ್ಟೈಲ್‌ನ ಕಿಕ್, ಅಂದರೆ ಎರಡು ಕಾಲನ್ನೂ ಒಂದಾದ ಮೇಲೊಂದು ಮೇಲೆ ಕೆಳಗೆ ಆಡಿಸುವುದು. ಕಪ್ಪೆ ಈಜಿನ ಕಿಕ್ ಪೂರ್ತಿ ಬೇರೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಕಿಕ್ ಇರುವುದು ಯಾತಕ್ಕೆ

ಇದು ಗೊತ್ತಾದರೆ ಅರ್ಧ ತಪ್ಪು ತಾನಾಗೇ ಸರಿಹೋಗುತ್ತದೆ. ನಮ್ಮ ಎದೆಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಇದೆ, ಅದು ತೇಲುತ್ತದೆ. ಕಾಲಿನಲ್ಲಿ ಇರುವುದು ಮೂಳೆ, ಮಾಂಸಖಂಡ. ಅವು ಮುಳುಗುತ್ತವೆ. ಹಾಗಾಗಿ ಬೋರಲು ಮಲಗಿ ಸುಮ್ನೆ ಇದ್ದರೆ ನಿಧಾನಕ್ಕೆ ಕಾಲು ಕೆಳಗೆ ಇಳಿದು ಮೈ ಓರೆಯಾಗುತ್ತದೆ. ಓರೆಯಾದ ಮೈಯನ್ನು ಮುಂದೆ ಎಳೆಯುವುದು ಕಷ್ಟ, ಎದೆಗೂ ತೊಡೆಗೂ ನೀರು ಅಡ್ಡ ಬರುತ್ತದೆ. ಹೊಸಬರಿಗೆ ಕಿಕ್‌ನ ಮೊದಲ ಕೆಲಸ ಕಾಲನ್ನು ಮೇಲೆ ಇಟ್ಟು ಮೈಯನ್ನು ನೇರ ಮಾಡುವುದು. ಮುಂದೆ ತಳ್ಳುವುದು ಆಮೇಲೆ. ಫ್ರೀಸ್ಟೈಲ್‌ನಲ್ಲಿ ಮುಂದೆ ಹೋಗುವ ಶಕ್ತಿ ಹೆಚ್ಚಿನ ಪಾಲು ಕೈಯಿಂದಲೇ ಬರುತ್ತದೆ. ತೊಡೆಯ ಮಾಂಸಖಂಡಗಳು ದೊಡ್ಡವು, ಸಿಕ್ಕಾಪಟ್ಟೆ ಬಡಿದರೆ ಅವು ಆಮ್ಲಜನಕವನ್ನೆಲ್ಲ ನುಂಗುತ್ತವೆ. ಅರ್ಧ ಕೊಳ ದಾಟುವಷ್ಟರಲ್ಲಿ ಏದುಸಿರು ಬರುವುದು ಅದಕ್ಕೇ. ದಮ್ಮು ಇಲ್ಲ ಅಂದುಕೊಂಡು ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಿ ಅಭ್ಯಾಸ ಮಾಡಬೇಕು

ಎದೆಮಟ್ಟದ, ನಿಂತ ನೀರು ಬೇಕು. ಈಜುಕೊಳ ಸಿಕ್ಕಿದರೆ ಬಹಳ ಒಳ್ಳೆಯದು, ಗೋಡೆ ಹಿಡಿದು ಕಲಿಯಬಹುದು. ಕೆರೆಯಾದರೆ ಮೊದಲೇ ಇಳಿದು ತಳ ನೋಡಿಕೊಳ್ಳಿ: ಹೂಳು ಎಷ್ಟಿದೆ, ಮೆಟ್ಟಿಲಿಗೆ ಪಾಚಿ ಕಟ್ಟಿದೆಯಾ, ಎಲ್ಲಿಂದ ಒಮ್ಮೆಲೇ ಆಳ ಶುರುವಾಗುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ತಳವೇ ಕಾಣದು, ಆಗ ಬೇಡ. ಜೊತೆಗೆ ಚೆನ್ನಾಗಿ ಈಜು ಬರುವವರು ಒಬ್ಬರು ಇರಲೇಬೇಕು. ದಡದಲ್ಲಿ ಕೂತು ಮೊಬೈಲ್ ನೋಡುವವರು ಲೆಕ್ಕಕ್ಕಿಲ್ಲ, ಕಣ್ಣು ನಿಮ್ಮ ಮೇಲೇ ಇಟ್ಟವರು ಬೇಕು.

ಕಡಲಿನಲ್ಲಿ ಕಿಕ್ ಕಲಿಯಬೇಡಿ. ಕಾರವಾರದ ಟ್ಯಾಗೋರ್ ಬೀಚ್ ನೋಡಲು ಎಷ್ಟು ಶಾಂತವಾಗಿದ್ದರೂ ಅಲೆಯ ಜೊತೆ ಗುದ್ದಾಡುವಾಗ ಪಾದ ಹೇಗಿದೆ ಅನ್ನುವುದರ ಕಡೆ ಗಮನ ಹೋಗುವುದೇ ಇಲ್ಲ. ಹೊಳೆ ಬಾಯಿ ಇನ್ನೂ ಮೋಸ. ಕಾಳಿ ಕಡಲು ಸೇರುವಲ್ಲಿ, ತದಡಿ ಹತ್ತಿರ ಅಘನಾಶಿನಿಯಲ್ಲಿ, ನೀರು ಮೇಲಿಂದ ನೋಡಿದರೆ ನಿಂತ ಹಾಗೆ ಕಾಣುತ್ತದೆ. ಇಳಿತ ಶುರುವಾದಾಗ ಅದೇ ನೀರು ಕಡಲ ಕಡೆ ಎಳೆಯುತ್ತದೆ. ಭರತ, ಇಳಿತ ಎರಡೂ ದಿನಕ್ಕೆ ಎರಡೆರಡು ಸಲ ಬರುತ್ತವೆ, ಹೊತ್ತು ದಿನದಿನಕ್ಕೂ ಬದಲಾಗುತ್ತದೆ. ಹೊಸಬರ ಕಾಲು ಆ ಸೆಳೆತದ ಎದುರು ನಿಲ್ಲುವುದಿಲ್ಲ. ಮಳೆಗಾಲದ ಕಡಲಿನ ಬಗ್ಗೆಯಂತೂ ಹೇಳುವುದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನಿಗೆ ಹೋಗುವಂತಿಲ್ಲ, ನಾವು ಯಾಕೆ ಇಳಿಯಬೇಕು?

ಇನ್ನೊಂದು ವಿಷಯ. ಕರಾವಳಿಯಲ್ಲಿ ಕಲಿತವರು ಘಟ್ಟದ ಮೇಲಿನ ಕೆರೆಗೆ ಬಂದರೆ "ಇಲ್ಲಿ ಕಾಲು ಮುಳುಗ್ತಾ ಇದೆ" ಅನ್ನುತ್ತಾರೆ. ನಿಜ. ಒಂದು ಲೀಟರ್ ಸಿಹಿ ನೀರು ಸುಮಾರು 1000 ಗ್ರಾಂ ಇದ್ದರೆ ಕಡಲ ನೀರು ಸುಮಾರು 1025 ಗ್ರಾಂ ತೂಗುತ್ತದೆ. ಆ ಉಪ್ಪೇ ನಮ್ಮನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಸಿಹಿ ನೀರಿನಲ್ಲಿ ಕಿಕ್ ಸರಿ ಮಾಡಿಕೊಂಡವರಿಗೆ ಉಪ್ಪು ನೀರು ಸುಲಭ ಅನಿಸುತ್ತದೆ.

ಮೊದಲು ಮನೆಯಲ್ಲಿ: ಪಾದ ನೋಡಿಕೊಳ್ಳಿ

ನೆಲದ ಮೇಲೆ ಕಾಲು ಚಾಚಿ ಕೂತುಕೊಳ್ಳಿ. ಹೆಬ್ಬೆರಳನ್ನು ಆದಷ್ಟು ಮುಂದಕ್ಕೆ, ನೆಲದ ಕಡೆಗೆ ಬಗ್ಗಿಸಿ. ಪಾದದ ಮೇಲ್ಭಾಗ ಮೊಣಕಾಲ ಕೆಳಗಿನ ಮೂಳೆಯ ಗೆರೆಯಲ್ಲೇ ನೇರವಾಗಿ ಮುಂದುವರಿದರೆ ಸಾಕು, ನಿಮ್ಮ ಪಾದ ಈಜಿಗೆ ತಯಾರಿದೆ. ಬೆರಳು ಇನ್ನೂ ಚಾವಣಿಯ ಕಡೆಗೇ ಮುಖ ಮಾಡಿದ್ದರೆ ಪಾದದ ಗಂಟು ಬಿಗಿ ಇದೆ ಅಂತ ಅರ್ಥ. ಹಾಗೆ ಮಡಚಿ ನಿಂತ ಪಾದ ನೀರನ್ನು ಹಿಂದಕ್ಕೆ ತಳ್ಳುವುದಿಲ್ಲ, ಕೆಳಕ್ಕೂ ಮುಂದಕ್ಕೂ ತಳ್ಳುತ್ತದೆ. ನೀರು ಮುಂದೆ ಹೋದರೆ ನಾವು ಹಿಂದೆ. ಫುಟ್‌ಬಾಲ್ ಆಡುವವರು, ದಿನಾ ಓಡುವವರು, ಸೈಕಲ್ ತುಳಿಯುವವರು ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿದುಕೊಳ್ಳುವ ತೇಲುವ ಹಲಗೆ) ಹಿಡಿದು ಹಿಂದಕ್ಕೆ ಸರಿಯುವುದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಕಡೆಯ ಒಬ್ಬ ಹುಡುಗ, ಊರಿನ ತಂಡದಲ್ಲಿ ಒಳ್ಳೆಯ ಫುಟ್‌ಬಾಲ್ ಆಟಗಾರ, ಗೋಡೆ ತಳ್ಳಿ ಹೊರಟವನು ಕಾಲು ಆಡಿಸುತ್ತಾ ಆಡಿಸುತ್ತಾ ಮತ್ತೆ ಅದೇ ಗೋಡೆಗೆ ಬಂದು ತಾಗಿದ್ದ. ಅವನ ಕಾಲಿಗೆ ಶಕ್ತಿ ಕಡಿಮೆ ಇರಲಿಲ್ಲ, ಪಾದ ಮಾತ್ರ ಚೆಂಡು ಒದೆಯುವ ಕೋನದಲ್ಲೇ ಗಟ್ಟಿಯಾಗಿ ನಿಂತಿತ್ತು.

ಇದಕ್ಕೆ ಮದ್ದು ವಜ್ರಾಸನ. ಹಿಮ್ಮಡಿಯ ಮೇಲೆ ಕೂತು, ಪಾದದ ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಟ್ಟು, ಅರ್ಧ ನಿಮಿಷದಿಂದ ಒಂದು ನಿಮಿಷ. ಅಭ್ಯಾಸವಾದ ಮೇಲೆ ಕೈ ಹಿಂದೆ ಊರಿ ಮೊಣಕಾಲನ್ನು ಸ್ವಲ್ಪವೇ ಎತ್ತಿದರೆ ಎಳೆತ ಇನ್ನೂ ಚೆನ್ನಾಗಿ ಸಿಗುತ್ತದೆ. ಮೊಣಕಾಲು ನೋವು ಇರುವವರು ಇದನ್ನು ಮಾಡಬೇಡಿ. ಕುರ್ಚಿಯ ಮೇಲೆ ಕೂತು ಕೈಯಲ್ಲೇ ಪಾದ ಹಿಡಿದು ಬಗ್ಗಿಸಿ, ಸುತ್ತ ತಿರುಗಿಸಿ. ಪಾದ ಒಂದು ವಾರದಲ್ಲಿ ಬಳುಕುವುದಿಲ್ಲ, ತಿಂಗಳುಗಟ್ಟಲೆ ಬೇಕು. ರಾತ್ರಿ ಟಿವಿ ನೋಡುವಾಗ ಮಾಡಿಕೊಂಡರೂ ಆಯಿತು.

ದಂಡೆಯಲ್ಲಿ ಕೂತು

ಕೊಳದ ಅಂಚಿನಲ್ಲೋ ಕೆರೆಯ ಮೆಟ್ಟಿಲ ಮೇಲೋ ಕೂತು ಕಾಲು ನೀರಿಗೆ ಬಿಡಿ. ಕೈ ಹಿಂದೆ ಊರಿ ಸ್ವಲ್ಪ ಒರಗಿಕೊಳ್ಳಿ. ಈಗ ತೊಡೆಯಿಂದ ಕಾಲು ಎತ್ತಿ ಇಳಿಸಿ. ಹೆಬ್ಬೆರಳುಗಳು ಒಂದಕ್ಕೊಂದು ಸ್ವಲ್ಪ ಒಳಮುಖವಾಗಿರಲಿ, ಹತ್ತಿರ ಬಂದಾಗ ತಾಗಿಯೂ ತಾಗದ ಹಾಗೆ. ಕಣ್ಣಿಗೇ ಕಾಣುತ್ತದೆ ಅನ್ನುವುದು ಈ ಅಭ್ಯಾಸದ ದೊಡ್ಡ ಲಾಭ, ನೀರಿನೊಳಗೆ ಮುಖ ಹಾಕಿದ ಮೇಲೆ ಕಾಲನ್ನು ನಾವು ನೋಡಲು ಆಗುವುದಿಲ್ಲ ಅಲ್ವಾ.

ಏನು ನೋಡಬೇಕು? ಪಾದದ ಮೇಲೆ ನೀರು ಕುದಿದ ಹಾಗೆ ಗುಳುಗುಳು ಏಳಬೇಕು. ದೂರಕ್ಕೆ ಚಿಮ್ಮಿ ಎದುರಿನವರ ಮುಖಕ್ಕೆ ಎರಚಿದರೆ ಪಾದ ನೀರಿನಿಂದ ಹೊರಗೆ ಬರುತ್ತಿದೆ. ಗಾಳಿಯಲ್ಲಿ ಆಡಿಸಿದ ಕಾಲಿನಿಂದ ಏನೂ ಸಿಗದು. ಸದ್ದಿಗೂ ಕಿವಿ ಕೊಡಿ. ಫಟ್ ಫಟ್ ಅನ್ನುವುದು ಹೊಡೆತದ ಸದ್ದು, ನಮಗೆ ಬೇಕಾದದ್ದು ಮಂದ ಸದ್ದು.

ಕಾಲು ಆಡುವ ರೀತಿ ಬಾರುಕೋಲಿನ ಹಾಗಿರಬೇಕು. ಹಿಡಿ ಸ್ವಲ್ಪವೇ ಅಲುಗುತ್ತದೆ, ತುದಿ ಬೀಸುತ್ತದೆ. ಸೊಂಟದ ಕೀಲಿನಿಂದ ಚಲನೆ ಶುರು. ತೊಡೆ ಕೆಳಗೆ ಒತ್ತುವಾಗ ಮೊಣಕಾಲು ತಾನಾಗೇ ತುಸು ಬಾಗುತ್ತದೆ, ಕೊನೆಗೆ ಪಾದ ಝಾಡಿಸುತ್ತದೆ. ಮೊಣಕಾಲನ್ನು ನೀವಾಗಿ ಮಡಚಬೇಡಿ, ಕೋಲಿನ ಹಾಗೆ ಬಿಗಿ ಹಿಡಿಯಲೂ ಬೇಡಿ. ಎರಡು ಪಾದದ ನಡುವಿನ ಅಗಲ ಒಂದೂವರೆ ಗೇಣು ಸಾಕು, ಅಂದರೆ 30ರಿಂದ 40 ಸೆಂಟಿಮೀಟರ್. ಅದಕ್ಕಿಂತ ಅಗಲವಾದರೆ ಕೆಳಗಿನ ಕಾಲು ಮೈಯ ನೆರಳಿನಿಂದ ಆಚೆ ಹೋಗಿ ನೀರಿಗೆ ಅಡ್ಡ ನಿಲ್ಲುತ್ತದೆ.

ಗೋಡೆ ಹಿಡಿದು, ಆಮೇಲೆ ಬಿಟ್ಟು

ನೀರಿಗಿಳಿದು ಗೋಡೆಯನ್ನೋ ಮೆಟ್ಟಿಲನ್ನೋ ಕೈ ಚಾಚಿ ಹಿಡಿಯಿರಿ. ಮುಖ ನೀರಿನೊಳಗೆ, ಕಣ್ಣು ತಳದ ಕಡೆ. ಇಪ್ಪತ್ತು ಸೆಕೆಂಡ್ ಕಿಕ್ ಮಾಡಿ, ಎದ್ದು ನಿಂತು ಉಸಿರು ತೆಗೆದುಕೊಳ್ಳಿ, ಮತ್ತೆ. ಹಿಮ್ಮಡಿ ನೀರಿನ ಮೇಲ್ಮೈಯನ್ನು ಮುಟ್ಟಬೇಕು, ಅದಕ್ಕಿಂತ ಮೇಲೆ ಬೇಡ. ಜೊತೆಯಲ್ಲಿ ಇರುವವರಿಗೆ ಮೊಣಕಾಲು ನೋಡಲು ಹೇಳಿ. ಗೋಡೆ ಹಿಡಿದಾಗ ಹೊಟ್ಟೆ ಜೋತು ಬಿದ್ದು ಬೆನ್ನು ಬಿಲ್ಲಿನ ಹಾಗೆ ಬಾಗುವವರು ಇದನ್ನು ಜಾಸ್ತಿ ಹೊತ್ತು ಮಾಡಬೇಡಿ, ಸೊಂಟ ನೋವು ಬರುತ್ತದೆ.

ಮುಂದಿನದು ಜಾರುವುದು. ಗೋಡೆಗೆ ಕಾಲು ಕೊಟ್ಟು ತಳ್ಳಿ, ಎರಡೂ ಕೈ ತಲೆಯ ಮುಂದೆ ಚಾಚಿ ಒಂದರ ಮೇಲೊಂದು ಇಟ್ಟು, ಕಿಕ್ ಮಾಡದೆ ಎಷ್ಟು ದೂರ ಹೋಗುತ್ತದೋ ಹೋಗಲಿ. ವೇಗ ಕಡಿಮೆಯಾಗಿ ಕಾಲು ಇಳಿಯಲು ಶುರುವಾಗುವ ಹೊತ್ತು ಗೊತ್ತಾಗುತ್ತದೆ. ಸರಿಯಾಗಿ ಅಲ್ಲಿ ಸಣ್ಣಕ್ಕೆ ಕಿಕ್ ಶುರು ಮಾಡಿ. ಕಾಲು ಮತ್ತೆ ಮೇಲೆ ಬಂದು ಮೈ ನೇರವಾಗುವುದು ನಿಮಗೇ ತಿಳಿಯುತ್ತದೆ. ಕಿಕ್ ಏನು ಕೆಲಸ ಮಾಡುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಅಭ್ಯಾಸ ಬೇರೆ ಇಲ್ಲ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ.

ಕಿಕ್‌ಬೋರ್ಡ್, ತೆಂಗಿನಕಾಯಿ, ಬಾಳೆ ದಿಂಡು

ನಮ್ಮೂರಿನ ಮಕ್ಕಳು ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಜೋಡಿಸಿ ಕಟ್ಟಿಕೊಂಡೋ ಬಾಳೆ ದಿಂಡು ಅಪ್ಪಿಕೊಂಡೋ ಕೆರೆಗೆ ಬೀಳುತ್ತಾರೆ. ನೀರಿನ ಹೆದರಿಕೆ ಹೋಗಿಸಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಆದರೆ ಕಿಕ್ ತಿದ್ದುವಾಗ ಅದನ್ನು ಎದೆಯ ಕೆಳಗೆ ಇಟ್ಟುಕೊಂಡರೆ ಎದೆ ಮೇಲೆದ್ದು ಕಾಲು ಇನ್ನೂ ಕೆಳಗೆ ಹೋಗುತ್ತದೆ. ತಲೆ ಎತ್ತಿಕೊಂಡು, ನಿಂತ ಹಾಗೆ, ಸೈಕಲ್ ತುಳಿದಂತೆ ಈಜುವ ಅಭ್ಯಾಸ ಹತ್ತುವುದು ಅಲ್ಲಿಂದಲೇ. ಬಾಳೆ ದಿಂಡು ಇರಲಿ, ಕಿಕ್‌ಬೋರ್ಡ್ ಇರಲಿ, ತೋಳು ನೇರ ಚಾಚಿ ಮುಂದೆ ಹಿಡಿಯಿರಿ. ಅದರ ಮೇಲೆ ಭಾರ ಹಾಕಿ ಒರಗಬೇಡಿ. ಬೆರಳು ಸುಮ್ನೆ ಮೇಲಿಟ್ಟಷ್ಟು ಹಗುರ ಇರಲಿ.

ಮುಖ ನೀರಿನಲ್ಲಿ ಇಟ್ಟೇ ಮಾಡಿ. ತಲೆ ಎತ್ತಿದ ಕೂಡಲೇ ಸೊಂಟ ಇಳಿಯುತ್ತದೆ, ಆಗ ಒಳ್ಳೆಯ ಕಿಕ್ ಕೂಡ ಕೆಟ್ಟದಾಗುತ್ತದೆ. ಉಸಿರು ಬೇಕಾದಾಗ ಮಾತ್ರ ಬಾಯಿ ಮೇಲೆ ತಂದು, ತೆಗೆದುಕೊಂಡು, ಮತ್ತೆ ಮುಖ ಒಳಗೆ. ಒಳಗಿರುವಾಗ ಮೂಗಿನಿಂದ ನಿಧಾನಕ್ಕೆ ಗುಳ್ಳೆ ಬಿಡುತ್ತಲೇ ಇರಬೇಕು. ಉಸಿರು ಕಟ್ಟಿಕೊಂಡು ಕಿಕ್ ಮಾಡುವವರ ಕುತ್ತಿಗೆ, ಭುಜ, ತೊಡೆ ಎಲ್ಲ ಒಟ್ಟಿಗೆ ಬಿಗಿಯುತ್ತದೆ. ಕಾಲು ಸಡಿಲ ಬೇಕು ಅಂದರೆ ಮೊದಲು ಉಸಿರು ಸಡಿಲ ಆಗಬೇಕು.

ದೂರದ ಲೆಕ್ಕ ಹಾಕಬೇಡಿ ಈಗಲೇ. 25 ಮೀಟರ್ ಕೊಳದಲ್ಲಿ ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಆ ಅರ್ಧ ಸರಿಯಾಗಿರಲಿ.

ಅಂಗಾತ ಮಲಗಿ

ಬೋರಲು ಮಲಗಿ ಸುಸ್ತಾದಾಗ ತಿರುಗಿ ಅಂಗಾತ ಮಲಗಿ ಕಿಕ್ ಮಾಡಿ. ಮುಖ ಹೊರಗಿರುವುದರಿಂದ ಉಸಿರಿನ ಗಲಾಟೆ ಇಲ್ಲ, ಪೂರ್ತಿ ಗಮನ ಕಾಲಿಗೆ ಕೊಡಬಹುದು. ಕಿವಿ ನೀರೊಳಗೆ ಇರಲಿ, ಹೊಟ್ಟೆ ಮೇಲೆ ಬರಲಿ. ಕುರ್ಚಿಯಲ್ಲಿ ಕೂತ ಹಾಗೆ ಸೊಂಟ ಮಡಚಿದರೆ ಮುಳುಗಿದಿರಿ ಅಂತಲೇ ಲೆಕ್ಕ. ಇದರಲ್ಲಿ ಒಂದು ಸುಲಭದ ಪರೀಕ್ಷೆ ಇದೆ: ಮೊಣಕಾಲು ನೀರಿನ ಮೇಲೆ ಕಂಡರೆ ನೀವು ಸೈಕಲ್ ತುಳಿಯುತ್ತಿದ್ದೀರಿ, ಬರೀ ಹೆಬ್ಬೆರಳ ತುದಿಯಲ್ಲಿ ನೀರು ಉಕ್ಕುತ್ತಿದ್ದರೆ ಸರಿ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದ ಬೆಂಗಳೂರಿನ ಶ್ರೀಹರಿ ನಟರಾಜ್ ಅವರ ವಿಡಿಯೋ ಸಿಕ್ಕಿದರೆ ಕೈ ಬಿಟ್ಟು ಬರೀ ಕಾಲನ್ನು ನೋಡಿ. ನಾವು ಅಷ್ಟು ವೇಗ ಹೋಗಬೇಕಿಲ್ಲ, ಆದರೆ ಕಾಲು ಎಷ್ಟು ಚಿಕ್ಕ ಜಾಗದಲ್ಲಿ ಆಡುತ್ತದೆ ಅನ್ನುವುದು ಕಣ್ಣಿಗೆ ಹಿಡಿಸುತ್ತದೆ.

ತಲೆ ಹಿಂದೆ ಗೋಡೆ ಬರುತ್ತದೆ ಅನ್ನುವುದು ಮರೆಯಬೇಡಿ. ಒಂದು ಕೈ ತಲೆಯ ಹಿಂದೆ ಚಾಚಿರಲಿ.

ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ

ಸೈಕಲ್ ತುಳಿತದ ಬಗ್ಗೆ ಹೇಳಿ ಆಯಿತು. ಅದು ಹೋಗದಿದ್ದರೆ ಸ್ವಲ್ಪ ದಿನ ಮೊಣಕಾಲು ನೇರ ಇಟ್ಟೇ, ಬರೀ ತೊಡೆಯಿಂದ ಕಿಕ್ ಮಾಡಿ. ಅತಿ ಅನಿಸಿದರೂ ಪರವಾಗಿಲ್ಲ, ಕೊನೆಗೆ ಕಾಲು ನಡುವಿನ ದಾರಿಗೆ ಬಂದು ನಿಲ್ಲುತ್ತದೆ.

ಹೊಳೆಯಲ್ಲಿ ಕಪ್ಪೆ ಈಜು ಕಲಿತು ಬಂದವರಿಗೆ ಬೇರೆ ತೊಂದರೆ. ಎರಡು ಕಾಲೂ ಸರಿಯಾಗಿ ಆಡುತ್ತಿರುವಾಗ ನಡುವೆ ಒಂದು ಕಾಲು ಪಕ್ಕಕ್ಕೆ ತಿರುಗಿ ಕಪ್ಪೆ ಒದೆತ ಒದ್ದುಬಿಡುತ್ತದೆ. ಹೆಚ್ಚಾಗಿ ಉಸಿರಿಗೆ ತಲೆ ತಿರುಗಿಸುವಾಗ ಹೀಗಾಗುತ್ತದೆ, ಬ್ಯಾಲೆನ್ಸ್ ತಪ್ಪಿದ ಮೈ ಹಳೆಯ ಅಭ್ಯಾಸವನ್ನು ಹಿಡಿದುಕೊಳ್ಳುತ್ತದೆ. ಪಕ್ಕಕ್ಕೆ ಮಲಗಿ ಕಿಕ್ ಮಾಡುವುದು ಇದಕ್ಕೆ ಒಳ್ಳೆಯದು: ಕೆಳಗಿನ ಕೈ ಮುಂದೆ ಚಾಚಿ, ಮೇಲಿನ ಕೈ ತೊಡೆಯ ಮೇಲಿಟ್ಟು, ಕಿವಿಯನ್ನು ತೋಳಿಗೆ ಒರಗಿಸಿ ಸಣ್ಣ ಕಿಕ್. ಎರಡೂ ಪಕ್ಕ ಮಾಡಿ. ಒಂದು ಪಕ್ಕ ಕಷ್ಟ ಆಗುತ್ತದೆ, ಆ ಪಕ್ಕವನ್ನೇ ಜಾಸ್ತಿ ಮಾಡಬೇಕು.

ಬೆರಳನ್ನು ತೀರಾ ಬಿಗಿಯಾಗಿ ಚಾಚಿ ಹಿಡಿಯುವುದೂ ತಪ್ಪೇ. ಪಾದ ಉದ್ದಕ್ಕೆ ಇರಬೇಕು ಸರಿ, ಆದರೆ ಸಡಿಲವಾಗಿ. ಬಿಗಿ ಹಿಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡರೆ ಗಾಬರಿ ಬೇಡ. ಕಿಕ್ ನಿಲ್ಲಿಸಿ, ಅಂಗಾತ ತೇಲಿ ಇಲ್ಲವೇ ಗೋಡೆ ಹಿಡಿದು ನಿಲ್ಲಿ. ಆಮೇಲೆ ಕಾಲು ನೇರ ಮಾಡಿ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಬಿಡುತ್ತದೆ. ಆ ದಿನಕ್ಕೆ ಮೇಲೆ ಬಂದುಬಿಡಿ, ಬಿಟ್ಟ ಕಾಲು ಮತ್ತೆ ಹಿಡಿಯುವುದು ಬಹಳ ಬೇಗ.

ಫಿನ್, ಅಂದರೆ ಪಾದಕ್ಕೆ ತೊಡುವ ರಬ್ಬರ್ ರೆಕ್ಕೆ, ಹಾಕಿಕೊಳ್ಳಬಹುದಾ ಅಂತ ಕೇಳುತ್ತಾರೆ. ಹಾಕಿಕೊಳ್ಳಬಹುದು, ಚಿಕ್ಕ ಫಿನ್ ಆದರೆ. ಸರಿಯಾದ ಕಿಕ್ ಹೇಗಿರುತ್ತದೆ ಅನ್ನುವುದು ಕಾಲಿಗೆ ಬೇಗ ತಿಳಿಯುತ್ತದೆ, ಪಾದವೂ ಬಳುಕುತ್ತದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವವರು ಹಾಕುವ ಉದ್ದ ಫಿನ್ ಬೇಡ, ಅದು ಬೇರೆ ಕೆಲಸಕ್ಕೆ, ಹೊಸಬರ ಕಾಲಿಗೆ ಭಾರ. ಫಿನ್ ಹಾಕಿ ಎರಡು ಸುತ್ತು ಹೋದರೆ ತೆಗೆದು ಎರಡು ಸುತ್ತು ಹೋಗಿ. ಬರೀ ಫಿನ್ ಮೇಲೇ ನಿಂತರೆ ಅದು ಬಿಚ್ಚಿದ ದಿನ ಕಾಲು ಮೊದಲಿದ್ದ ಜಾಗಕ್ಕೇ ಬಂದಿರುತ್ತದೆ.

ನಿಂತು ಕಿಕ್, ಆಮೇಲೆ ಕೈ

ಇಷ್ಟು ಬಂದ ಮೇಲೆ, ಅದೂ ತೇಲಲು ಚೆನ್ನಾಗಿ ಬಂದು ಪಕ್ಕದಲ್ಲಿ ಈಜು ಬಲ್ಲವರು ಇದ್ದರೆ ಮಾತ್ರ, ಕಾಲು ನೆಲಕ್ಕೆ ತಾಗದ ನೀರಿನಲ್ಲಿ ಗೋಡೆಯ ಹತ್ತಿರವೇ ನೆಟ್ಟಗೆ ನಿಂತು ಕಿಕ್ ಮಾಡಿ ನೋಡಿ. ಮೊದಲು ಒಂದು ಕೈ ಗೋಡೆ ಹಿಡಿದಿರಲಿ. ಬಾಯಿ ನೀರಿನ ಮೇಲೆ ಉಳಿಯಬೇಕು, ಅಷ್ಟೇ ಗುರಿ. ಹದಿನೈದು ಸೆಕೆಂಡ್ ಮಾಡಿ, ಸುಧಾರಿಸಿಕೊಂಡು ಮತ್ತೆ. ಮೊಣಕಾಲು ಮಡಚಿ ತುಳಿದರೆ ಕೂಡಲೇ ಇಳಿಯುತ್ತೀರಿ, ತೊಡೆಯಿಂದ ಮುಂದೆ ಹಿಂದೆ ಸಣ್ಣಗೆ ಆಡಿಸಿದರೆ ನಿಲ್ಲುತ್ತೀರಿ. ಕಾಲು ಹಿಂದಕ್ಕೆ ಹೋಗುವಾಗಲೂ ನೀರನ್ನು ಒತ್ತಬೇಕು ಅನ್ನುವುದು ಇಲ್ಲೇ ಗೊತ್ತಾಗುವುದು. ಮಲಗಿ ಈಜುವಾಗ ಬಹಳ ಜನ ಕಾಲನ್ನು ಕೆಳಗೆ ಒತ್ತುತ್ತಾರೆ, ಮೇಲೆ ತರುವಾಗ ಸುಮ್ನೆ ಬಿಟ್ಟುಬಿಡುತ್ತಾರೆ.

ಕೈ ಸೇರಿಸುವಾಗ ಎಣಿಕೆಯ ತಲೆನೋವು ಬೇಡ. ಎರಡು ಕೈಯೂ ಒಂದೊಂದು ಸಲ ಬೀಸುವಷ್ಟರಲ್ಲಿ ಆರು ಕಿಕ್ ಹಾಕುವವರಿದ್ದಾರೆ, ನಾಲ್ಕು, ಎರಡು ಹಾಕುವವರೂ ಇದ್ದಾರೆ. ಕಡಿಮೆ ದೂರದ ವೇಗದ ಈಜಿಗೆ ಆರು, ದೂರ ಹೋಗುವವರು ಕೆಲವರು ಶಕ್ತಿ ಉಳಿಸಲು ಎರಡು. ಹೊಸಬರು ಕಾಲನ್ನು ನಿಲ್ಲಿಸದೆ ಸಣ್ಣಕ್ಕೆ ಆಡಿಸುತ್ತಿದ್ದರೆ ಸಾಕು, ಲೆಕ್ಕ ಕೆಲವು ವಾರದಲ್ಲಿ ತಾನಾಗೇ ಕೂಡುತ್ತದೆ. ಕೈ ಬೀಸುವ ಗಡಿಬಿಡಿಯಲ್ಲಿ ಕಾಲು ನಿಂತುಹೋಗುತ್ತಿದ್ದರೆ ಒಂದು ಕೈ ಮುಂದೆ ಚಾಚಿಟ್ಟು ಇನ್ನೊಂದರಲ್ಲಿ ಮಾತ್ರ ಈಜಿ, ನಾಲ್ಕು ಸಲ ಆದ ಮೇಲೆ ಕೈ ಬದಲಿಸಿ.

ವಾರಕ್ಕೆ ಮೂರು ದಿನ ನೀರಿಗೆ ಹೋಗಲು ಆದರೆ ಒಳ್ಳೆಯದು. ಹೋದ ದಿನ ಮೊದಲ ಹತ್ತು ನಿಮಿಷ ಬರೀ ಕಾಲಿಗೆ ಕೊಡಿ, ಮೈ ದಣಿಯುವ ಮೊದಲೇ. ಕೊನೆಯಲ್ಲಿ ಮಾಡೋಣ ಅಂತ ಬಿಟ್ಟರೆ ಸುಸ್ತಾದ ಕಾಲು ತಪ್ಪನ್ನೇ ಕಲಿಯುತ್ತದೆ. ಪೂರ್ತಿ ಫ್ರೀಸ್ಟೈಲ್ ಬಂದ ಮೇಲೂ ಈ ಹತ್ತು ನಿಮಿಷ ಬಿಡಬೇಡಿ.